ಕಲಾ ವಿದ್ಯಾರ್ಥಿಗೆ ಬೆಸುಗೆ ಏಕೆ?

ಹ್ಯಾಮ್ ರೇಡಿಯೋದ ಮಾತೆತ್ತಿದರೆ ನಮ್ಮಲ್ಲಿ ಹಲವರು, "ಅದು ವಿಜ್ಞಾನದವರಿಗೆ ಸೇರಿದ್ದು, ಬೆಸುಗೆ ಹಾಕುವುದಂತೂ ರಿಪೇರಿಯವರ ಕೆಲಸ" ಎಂದು ಸುಮ್ಮನಾಗುವರು. ಈ ಭಾವನೆ ಎರಡು ವಿಧದಲ್ಲಿ ತಪ್ಪೆಂದು ನನ್ನ ನಮ್ರ ಅಭಿಪ್ರಾಯ.

ಮೊದಲನೆಯದಾಗಿ, ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ರೇಡಿಯೋ ತಮ್ಮ ವಿಷಯವಲ್ಲವೆಂದು ಅವರು ದೂರ ನಿಲ್ಲಲಿಲ್ಲ. ಇಂದಿಗೂ ಹ್ಯಾಮ್ ಪರವಾನಗಿಗೆ ವಿಜ್ಞಾನದ ಪದವಿ ಬೇಕೆಂದಿಲ್ಲ.

ಎರಡನೆಯದಾಗಿ, ಬೆಸುಗೆ ಬುದ್ಧಿ ಬೇಡದ ಕೆಲಸವಲ್ಲ. ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೋಯಾಕ್ಸಿಯಲ್ ಕೇಬಲ್ಲನ್ನೇ ನೋಡಿ. ನಡುವೆ ತಾಮ್ರದ ತಂತಿ, ಅದರ ಸುತ್ತ ಪಾಲಿಥೀನ್, ಅದರ ಮೇಲೆ ತಾಮ್ರದ ಎಳೆಗಳ ಹೆಣಿಗೆ, ಎಲ್ಲಕ್ಕೂ ಹೊರಗೆ ಕಪ್ಪು ಕವಚ. ಇದರ ತುದಿಗೆ ಪಿ.ಎಲ್. 259 ಎಂಬ ಕನೆಕ್ಟರನ್ನು ಬೆಸೆಯುವಾಗ ನಡುತಂತಿಯನ್ನು ಕನೆಕ್ಟರಿನ ಮೊನೆಗೂ ಹೆಣಿಗೆಯನ್ನು ಅದರ ಲೋಹದ ಒಡಲಿಗೂ ಸೇರಿಸಬೇಕು. ತವರ-ಸೀಸದ ಬೆಸುಗೆ ಕರಗಲು 183 ಡಿಗ್ರಿ ಸೆಂಟಿಗ್ರೇಡ್ ಶಾಖವಾದರೂ ಬೇಕು. ಪಾಲಿಥೀನ್ ಸುಮಾರು 110 ಡಿಗ್ರಿಯಲ್ಲಿಯೇ ಕರಗುತ್ತದೆ.

ಸುಟ್ಟೀತೆಂದು ಹೆದರಿ ಸಣ್ಣ ಐರನ್ ಹಿಡಿದವನೇ ಹೆಚ್ಚಾಗಿ ಕೇಬಲ್ಲನ್ನು ಕೆಡಿಸುತ್ತಾನೆ. ದಪ್ಪ ಲೋಹ ಶಾಖವನ್ನು ಹೀರುವುದರಿಂದ ಬೆಸುಗೆ ಹರಿಯಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಒಳಗಿನ ಪಾಲಿಥೀನ್ ಮೆತ್ತಗಾಗಿ, ನಡುತಂತಿ ಸರಿದು ಹೆಣಿಗೆಗೆ ತಾಗಬಹುದು. 100 ವ್ಯಾಟಿನ, ದಪ್ಪ ತುದಿಯ ಐರನ್ನನ್ನು ಸ್ವಲ್ಪವೇ ಹೊತ್ತು ಒತ್ತಿ ತೆಗೆದವನ ಕೆಲಸ ಬಾಳುತ್ತದೆ. ಬೆಸುಗೆ ಹರಡದೆ ಗುಂಡಾಗಿ ಕುಳಿತರೆ ಅದು ಅಂಟಿದಂತೆ ಕಾಣುವುದೇ ಹೊರತು ಕೂಡುವುದಿಲ್ಲ. ಈ ಹದವನ್ನು ಯಾವ ಪುಸ್ತಕವೂ ಕೈಗೆ ತಂದುಕೊಡಲಾರದು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ ಎಂದು ಯಾರಾದರೂ ಕೇಳಬಹುದು. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿ ಅಂಡಮಾನಿನಲ್ಲಿ ದೂರವಾಣಿ ಸಂಪರ್ಕ ಕಡಿದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗರು ಹ್ಯಾಮ್ ರೇಡಿಯೋದಿಂದಲೇ ಸುದ್ದಿ ಮುಟ್ಟಿಸಿದರು. ಅಂಥ ಹೊತ್ತಿನಲ್ಲಿ ಒಂದು ಕನೆಕ್ಟರ್ ಕೈಕೊಟ್ಟರೆ, ಎಷ್ಟು ಬೆಲೆಯ ರೇಡಿಯೋ ಇದ್ದರೂ ಅದು ಮೂಕ.

ಬೆಸುಗೆಯಿಲ್ಲದೆ ಒತ್ತಿ ಕೂಡಿಸುವ ಕನೆಕ್ಟರುಗಳು ಬಂದಿವೆಯಲ್ಲ ಎನ್ನುವವರೂ ಉಂಟು. ಅವು ಒಳ್ಳೆಯವೇ. ಆದರೆ ಕೇಬಲ್ಲಿನ ಅಳತೆಗೆ ತಕ್ಕ ಇಕ್ಕಳವಿಲ್ಲದಿದ್ದರೆ ಅವು ನಿರುಪಯೋಗಿ.

ಪರವಾನಗಿಯ ಪರೀಕ್ಷೆ ಸಿದ್ಧಾಂತವನ್ನೂ ನಿಯಮಗಳನ್ನೂ ಕೇಳುತ್ತದೆ, ಬೆಸುಗೆಯನ್ನು ಕೇಳುವುದಿಲ್ಲ. ಆ ಕೊರತೆಯನ್ನು ಕಾಲೇಜೇ ತುಂಬಬೇಕು. ವಾರಕ್ಕೊಂದು ಸಂಜೆ, ಒಂದು ಮೇಜು, ನಾಲ್ಕು ಐರನ್, ಒಂದಿಷ್ಟು ಹಳೆಯ ಕೇಬಲ್ ಸಾಕು. ಕಲಿಸಲು ಪೇಟೆಯ ರೇಡಿಯೋ ರಿಪೇರಿಯವರನ್ನೇ ಕರೆಯೋಣ. ಅವರನ್ನು ಗುರುಗಳೆಂದು ಕೂರಿಸಿ ಕಲಿಯೋಣ. ಕೈಕೆಲಸ ಕೀಳೆಂಬ ನಮ್ಮ ಹಳೆಯ ರೋಗಕ್ಕೆ ಅದಕ್ಕಿಂತ ಒಳ್ಳೆಯ ಮದ್ದಿಲ್ಲ. ಪ್ರಾಂಶುಪಾಲರೂ ಅಧ್ಯಾಪಕ ವರ್ಗದವರೂ ಈ ಸಲಹೆಯನ್ನು ಮನಸ್ಸಿಗೆ ತಂದುಕೊಳ್ಳುವರೆಂದು ನಂಬಿದ್ದೇನೆ.