ಹಂಗಾಮಿನ ಬಾಡಿಗೆ

ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಕೆಲಸಕ್ಕೆ ಬರುವ ವಸ್ತುವನ್ನು ಕೊಂಡು ಮನೆಯಲ್ಲಿಟ್ಟುಕೊಳ್ಳಬೇಕೆ, ಇಲ್ಲವೆ ಬೇಕಾದ ದಿನ ಬಾಡಿಗೆಗೆ ತರಬೇಕೆ ಎಂಬ ಪ್ರಶ್ನೆಗೆ ಮೂರನೆಯ ಉತ್ತರವೊಂದಿದೆ. ಆ ನಾಲ್ಕು ತಿಂಗಳಿಗೂ ಸೇರಿಸಿ ಒಂದೇ ಬಾಡಿಗೆಗೆ ಹಿಡಿಯುವುದೇ ಆ ಉತ್ತರ. ನಮ್ಮ ಹಾಸನದ ಸೀಮೆಯಲ್ಲಿ ಈ ಪದ್ಧತಿ ಏಕೋ ಬೆಳೆಯಲಿಲ್ಲ. ಬೆಳೆಯಬೇಕೆಂಬುದು ನನ್ನ ಅಭಿಪ್ರಾಯ. ಅದು ಅಚ್ಚುಕಟ್ಟಾಗಿ ನಡೆಯುವುದನ್ನು ನಾನು ಕಂಡದ್ದು ಮಾತ್ರ ಹಿಮ ಬೀಳುವ ಊರಿನಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿ, ಮಗಳ ಮನೆಯಲ್ಲಿ, ನಾವು ದಂಪತಿಗಳು ಒಂದು ಚಳಿಗಾಲವನ್ನು ಕಳೆದೆವು. ರಾಕಿ ಪರ್ವತಗಳು ಅಲ್ಲಿಗೆ ಹತ್ತಿರ. ಶನಿವಾರ ಬಂತೆಂದರೆ ಜನ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಸ್ಕೀ ಆಟಕ್ಕೆ, ಅಂದರೆ ಕಾಲಿಗೆ ಉದ್ದನೆಯ ಹಲಗೆಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟಕ್ಕೆ, ಹೊರಡುತ್ತಾರೆ. (ಇದು ನಮ್ಮವರಿಗೆ ಪೂರ್ತಿ ಪರಕೀಯವೆಂದು ತಿಳಿಯಬೇಡಿ. ಅರಕಲಗೂಡಿನ ಗಡಿ ದಾಟಿದರೆ ಸಿಗುವ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಸ್ಕೀಯಿಂಗ್‌ನಲ್ಲಿಯೇ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ.)

ಮೊಮ್ಮಗನಿಗೆ ಆಗ ಒಂಬತ್ತು ವರ್ಷ. ಅವನು ತೊಡುತ್ತಿದ್ದ ಸ್ಕೀ, ಬೂಟು, ಹಿಡಿಯುತ್ತಿದ್ದ ಕೋಲು ಯಾವುದೂ ಅವನ ಸ್ವಂತದ್ದಲ್ಲ. ಹಿಮ ಬೀಳುವ ಮೊದಲೇ, ಅಕ್ಟೋಬರ್ ತಿಂಗಳಿನಲ್ಲಿ, ಅಂಗಡಿಯಿಂದ ತಂದದ್ದು. ವಸಂತದಲ್ಲಿ ಹಿಮ ಕರಗಿದ ಮೇಲೆ ಹಿಂದಿರುಗಿಸಬೇಕು. ನಡುವೆ ಎಷ್ಟು ಸಲವಾದರೂ ಬಳಸಬಹುದು. ಬೆಟ್ಟದ ಬುಡದಲ್ಲಿ ದಿನದ ಬಾಡಿಗೆಗೂ ಇವು ಸಿಗುತ್ತವೆ. ಆದರೆ ಸುಮಾರು ಐದಾರು ದಿನಗಳ ಬಾಡಿಗೆಯನ್ನು ಕೂಡಿಸಿದರೆ ಇಡೀ ಹಂಗಾಮಿನ ಬಾಡಿಗೆಯೇ ಆಗಿಬಿಡುತ್ತದೆ. ಕೊಂಡುಬಿಡೋಣವೆಂದರೆ ಮಕ್ಕಳ ಪಾದ ನಮ್ಮ ಮಾತು ಕೇಳುವುದಿಲ್ಲ. "ತಾತ, ಹೋದ ವರ್ಷದ ಬೂಟಿನೊಳಗೆ ನನ್ನ ಹೆಬ್ಬೆರಳೂ ಹೋಗೋದಿಲ್ಲ" ಎಂದು ಅವನು ಹೆಮ್ಮೆಯಿಂದ ಹೇಳಿಕೊಂಡ.

ನನ್ನ ಗಮನ ಸೆಳೆದದ್ದು ಹಣದ ಲೆಕ್ಕಕ್ಕಿಂತ ಅಂಗಡಿಯವನ ಕೆಲಸ. ಹುಡುಗನ ಪಾದವನ್ನು ಸೆಂಟಿಮೀಟರಿನಲ್ಲಿ ಅಳೆದ. ಎತ್ತರ, ತೂಕ, ವಯಸ್ಸು ಕೇಳಿದ. ಆಟ ಎಷ್ಟು ಕಲಿತಿದ್ದಾನೆಂದು ವಿಚಾರಿಸಿದ. ಆಮೇಲೆ ಬೂಟಿನ ಅಟ್ಟೆಯ ಉದ್ದವನ್ನೂ ಸೇರಿಸಿ ಪಟ್ಟಿಯೊಂದನ್ನು ನೋಡಿ, ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್ ಎಂಬ ಕೊಂಡಿಯನ್ನು ತಿರುಪಿನಿಂದ ಹೊಂದಿಸಿದ. ಬಿದ್ದಾಗ ಆ ಕೊಂಡಿ ತಾನಾಗಿ ಕಳಚಿಕೊಳ್ಳಬೇಕು. ಅತಿ ಬಿಗಿಯಾದರೆ ಕಾಲು ಮುರಿಯುತ್ತದೆ, ಸಡಿಲವಾದರೆ ಓಡುವ ವೇಗದಲ್ಲೇ ಹಲಗೆ ಕಳಚಿ ಹೋಗುತ್ತದೆ. ಹಂಗಾಮು ಮುಗಿದು ಹಿಂದಿರುಗಿ ಬಂದ ಹಲಗೆಗಳ ಅಂಚನ್ನು ಮಸೆದು, ತಳಕ್ಕೆ ಮೇಣ ಹಚ್ಚಿ ಮುಂದಿನ ವರ್ಷಕ್ಕೆ ಅಣಿಗೊಳಿಸುವವರೂ ಅವರೇ. ಎಂದರೆ ಬಾಡಿಗೆಗೆ ಬಂದದ್ದು ವಸ್ತು ಮಾತ್ರವಲ್ಲ, ಅದರ ಆರೈಕೆ ಮತ್ತು ಬಲ್ಲವನೊಬ್ಬನ ಎಚ್ಚರ. ಇನ್ನೊಂದು ಲಾಭ ಅಂಗಡಿಯವನದು. ಯಾವ ಅಳತೆಯ ಬೂಟು ಎಷ್ಟು ಬೇಕಾಗುತ್ತದೆಂದು ಅವನಿಗೆ ಹಿಮ ಬೀಳುವ ಮೊದಲೇ ಬಹುಮಟ್ಟಿಗೆ ತಿಳಿದಿರುತ್ತದೆ.

ಇನ್ನು ನಮ್ಮ ಊರಿಗೆ ಬರೋಣ. ನಮ್ಮ ಹಂಗಾಮು ಮುಂಗಾರಿನದು. ನಮ್ಮ ಸಲಕರಣೆ ಟ್ರ್ಯಾಕ್ಟರ್, ರೋಟವೇಟರ್, ಔಷಧಿ ಸಿಂಪಡಿಸುವ ಯಂತ್ರ, ಒಕ್ಕಣೆ ಯಂತ್ರ. ಇಲ್ಲಿ ರೈತನಿಗೆ ಎರಡೇ ದಾರಿ: ಸಾಲ ಮಾಡಿ ಕೊಳ್ಳುವುದು, ಇಲ್ಲವೆ ದಿನಕ್ಕೋ ಗಂಟೆಗೋ ಬಾಡಿಗೆ ಕೊಟ್ಟು ಕಾಯುವುದು.

ಕೊಳ್ಳುವುದರ ಹಿಂದೆ ಪ್ರತಿಷ್ಠೆಯೂ ಇದೆ. ಹಿಂದೆ ಹೆಣ್ಣು ಕೊಡುವವರು ಕೊಟ್ಟಿಗೆಯಲ್ಲಿ ಎಷ್ಟು ಜೊತೆ ಎತ್ತು ಎಂದು ನೋಡುತ್ತಿದ್ದರು. ಈಗ ಬಾಗಿಲಲ್ಲಿ ಟ್ರ್ಯಾಕ್ಟರ್ ಇದೆಯೇ ಎಂದು ನೋಡುತ್ತಾರೆ. ಹೊಳೆನರಸೀಪುರದ ಕಡೆಯ ನಮ್ಮ ಬಂಧುವೊಬ್ಬರು ಮೂರು ಎಕರೆ ಹಿಡುವಳಿಗೆ ಟ್ರ್ಯಾಕ್ಟರ್ ಕೊಂಡರು. ವರ್ಷದಲ್ಲಿ ಅದು ಅವರ ಹೊಲದಲ್ಲಿ ಓಡಿದ್ದು ಹತ್ತು ದಿನವೂ ಇರಲಾರದು. ಕಂತಿಗಾಗಿ ಅದನ್ನು ಊರೂರಿಗೆ ಬಾಡಿಗೆಗೆ ಓಡಿಸಿ, ಕಡೆಗೆ ಕಂತೂ ಕಟ್ಟಲಾಗದೆ, ಟ್ರ್ಯಾಕ್ಟರಿನೊಂದಿಗೆ ಅರ್ಧ ಎಕರೆಯನ್ನೂ ಮಾರಿದರು. "ಇನ್ನೊಬ್ಬರ ಹತ್ತಿರ ಬಾಡಿಗೆಗೆ ಹೋಗಿ ನಿಲ್ಲೋದು ಹೆಂಗೆ ಭಾವ?" ಎಂದು ಅವರು ನನ್ನನ್ನು ಕೇಳಿದ್ದುಂಟು.

ಈ ನಾಚಿಕೆ ನನಗೆ ಅರ್ಥವಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವಾಗ ದುರ್ಯೋಧನನ ಕಿರೀಟ ಬಾಡಿಗೆಯದು, ಅರ್ಜುನನ ಬಿಲ್ಲು ಬಾಡಿಗೆಯದು, ಸೀನರಿ ಮತ್ತು ಲೈಟು ಬಾಡಿಗೆಯವು. ಹಾರ್ಮೋನಿಯಂ ಮೇಷ್ಟ್ರನ್ನಂತೂ ತಿಂಗಳುಗಟ್ಟಲೆ ಗೊತ್ತುಮಾಡಿಕೊಳ್ಳುತ್ತಾರೆ. ಅದು ಹಂಗಾಮಿನ ಒಪ್ಪಂದವಲ್ಲದೆ ಮತ್ತೇನು? ಬಾಡಿಗೆಯ ಕಿರೀಟ ತೊಟ್ಟು ಛಲದ ಮಾತನಾಡಲು ಅಡ್ಡಿಯಿಲ್ಲ, ಬಾಡಿಗೆಯ ಯಂತ್ರದಲ್ಲಿ ಉಳಲು ಮಾತ್ರ ಅವಮಾನ!

ದಿನಬಾಡಿಗೆಯ ಕಷ್ಟ ಬೇರೆ ಬಗೆಯದು. ಬೇಕಾದಾಗ ಎಲ್ಲರಿಗೂ ಒಮ್ಮೆಗೇ ಬೇಕು. ದೊಡ್ಡಮಗ್ಗೆಯ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಒಮ್ಮೆ ಬಸ್ಸಿನಲ್ಲಿ ಸಿಕ್ಕಿ ಹೇಳಿದ: "ಮೇಷ್ಟ್ರೇ, ಮಳೆ ಬಂದ್ ಮೂರ್ ದಿನಕ್ಕೆ ಹದ ಹೊರಟೋಯ್ತದೆ. ಟ್ಯಾಕ್ಟ್ರಿನೋನು ಐದನೇ ದಿನ ಬಂದ. ಬಾಡಿಗೆ ಮಾತ್ರ ಮೊದಲನೇ ದಿನದ್ದೇ ಇಸ್ಕೊಂಡ." ಹದ ತಪ್ಪಿದ ಬಿತ್ತನೆಯ ನಷ್ಟ ಪೂರ್ತಿ ಅವನ ಪಾಲಿಗೆ. ಟ್ರ್ಯಾಕ್ಟರಿನವನಿಗೆ ಯಾವ ನಷ್ಟವೂ ಇಲ್ಲ, ಏಕೆಂದರೆ ಮೊದಲೇ ಕೊಟ್ಟ ಮಾತೆಂಬುದು ಯಾವುದೂ ಇರಲಿಲ್ಲ.

2014-15ರಲ್ಲಿ ರಾಜ್ಯ ಸರ್ಕಾರ ಕೃಷಿ ಯಂತ್ರಧಾರೆ ಎಂಬ ಹೆಸರಿನಲ್ಲಿ ಹೋಬಳಿ ಮಟ್ಟದ ಬಾಡಿಗೆ ಕೇಂದ್ರಗಳನ್ನು ಆರಂಭಿಸಿತು. ಅವುಗಳಲ್ಲಿ ಹಲವನ್ನು ನಡೆಸುವ ಹೊಣೆಯನ್ನು ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ವಹಿಸಿಕೊಂಡಿತು. ನಾನು ಇದನ್ನು ಒಳ್ಳೆಯ ಯೋಜನೆಯೆಂದೇ ಎಣಿಸುತ್ತೇನೆ. ಖಾಸಗಿಯವರ ದರಕ್ಕೆ ಒಂದು ಕಡಿವಾಣವನ್ನಾದರೂ ಅದು ಹಾಕಿತು. ಆದರೆ ಅಲ್ಲಿಯೂ ಲೆಕ್ಕ ಗಂಟೆಯದು, ಎಕರೆಯದು. ಹಂಗಾಮಿನದಲ್ಲ.

ನೀವು ಆಕ್ಷೇಪಿಸಬಹುದು: ಹಿಮ ತಿಂಗಳುಗಟ್ಟಲೆ ಇರುತ್ತದೆ, ಈ ಶನಿವಾರವಲ್ಲದಿದ್ದರೆ ಮುಂದಿನ ಶನಿವಾರ, ಹದ ಮೂರೇ ದಿನ. ಒಂದು ಮಗುವಿಗೆ ಒಂದು ಜೊತೆ ಸ್ಕೀ ಕೊಡಬಹುದು, ಒಬ್ಬ ರೈತನಿಗೆ ಒಂದು ಟ್ರ್ಯಾಕ್ಟರನ್ನು ನಾಲ್ಕು ತಿಂಗಳು ಕೊಡಲಾದೀತೆ? ಖಂಡಿತ ಆಗದು. ದೊಡ್ಡ ಯಂತ್ರಗಳಿಗೆ ಸರದಿಯ ಒಪ್ಪಂದ ಬೇಕು. ಬೇಸಿಗೆಯಲ್ಲೇ ಹೆಸರು, ಎಕರೆ, ಬೆಳೆ ಬರೆಸಿ ಮುಂಗಡ ಕೊಟ್ಟವರಿಗೆ ಮಳೆ ಬಿದ್ದಾಗ ಸರದಿ ಮೊದಲೇ ಗೊತ್ತಿರಬೇಕು. ಆ ಪಟ್ಟಿ ಕೈಯಲ್ಲಿದ್ದರೆ, ಯಾವ ಹೋಬಳಿಗೆ ಎಷ್ಟು ಯಂತ್ರ ಸಾಲದೆಂಬುದು ಕೇಂದ್ರದವರಿಗೆ ಮೊದಲೇ ಕಾಣುತ್ತದೆ. ಗೊರೂರಿನ ಹೇಮಾವತಿ ಜಲಾಶಯದ ನಾಲೆಯ ನೀರಿಗೆ ಸರದಿ ಎಂದರೇನೆಂದು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಸ್ಕೀಯ ಹೋಲಿಕೆ ನಿಜವಾಗಿ ಒಪ್ಪುವುದು ಸಣ್ಣ ಸಲಕರಣೆಗಳಿಗೆ. ಆಲೂಗೆಡ್ಡೆಯನ್ನೇ ನೋಡಿ. ಮೇ-ಜೂನ್‌ನಲ್ಲಿ ನೆಟ್ಟರೆ ಸುಮಾರು ತೊಂಬತ್ತು ನೂರು ದಿನದ ಬೆಳೆ. ಮೋಡ ಮುಸುಕಿ ಜಡಿಮಳೆ ಹಿಡಿದರೆ ಅಂಗಮಾರಿ ರೋಗ ಕೆಲವೇ ದಿನಗಳಲ್ಲಿ ಇಡೀ ಹೊಲವನ್ನು ಸುಡುತ್ತದೆ. ಹಾಸನದ ಆಲೂಗೆಡ್ಡೆಯ ವಿಸ್ತೀರ್ಣ ಈಚಿನ ಎರಡು ದಶಕಗಳಲ್ಲಿ ಕುಗ್ಗಿದ್ದಕ್ಕೆ ಈ ರೋಗವೂ ಒಂದು ಕಾರಣ. ಇಂಥ ಬೆಳೆಗೆ ಸಿಂಪಡಿಸುವ ಯಂತ್ರ ಆ ಮೂರು ತಿಂಗಳೂ ಮನೆಯಲ್ಲಿಯೇ ಇರಬೇಕು. ಉಳಿದ ಒಂಬತ್ತು ತಿಂಗಳು ಅದರಿಂದ ಏನೂ ಆಗಬೇಕಾಗಿಲ್ಲ. ಸ್ವಂತದ್ದಾದರೆ ಅಟ್ಟ ಸೇರುತ್ತದೆ, ಮೂತಿಯಲ್ಲಿ ಔಷಧಿ ಒಣಗಿ ಕಟ್ಟಿಕೊಳ್ಳುತ್ತದೆ, ವಾಷರ್ ಸೀಳುತ್ತದೆ. ಮುಂದಿನ ವರ್ಷ ಸೋರುವ ಆ ಡಬ್ಬಿಯನ್ನೇ ಬೆನ್ನಿಗೆ ಕಟ್ಟಿಕೊಂಡು ಇಳಿಯುತ್ತಾರೆ, ವಿಷ ಅಂಗಿಯನ್ನು ನೆನೆಸಿ ಚರ್ಮಕ್ಕಿಳಿಯುತ್ತದೆ. ಅಲ್ಲಿ ಒಂಬತ್ತು ವರ್ಷದ ಹುಡುಗನ ಆಟದ ಕೊಂಡಿಗೆ ತಿರುಪು ಹಿಡಿದು ಕೂರುವವನೊಬ್ಬನಿದ್ದಾನೆ. ಇಲ್ಲಿ ವಿಷದ ಡಬ್ಬಿ ಹೊತ್ತವನ ಬೆನ್ನನ್ನು ನೋಡುವವರು ಯಾರು? ಹಂಗಾಮಿನ ಬಾಡಿಗೆಗೆ ಕೊಟ್ಟ ಸಂಸ್ಥೆ ಪ್ರತಿ ವರ್ಷ ತೊಳೆದು, ವಾಷರ್ ಬದಲಿಸಿ, ನೀರು ತುಂಬಿ ಸೋರಿಕೆ ನೋಡಿ ಕೊಡಬೇಕು. ಜೊತೆಗೆ ಕೈಗವಸು, ಮುಖಗವಸು. ಇದಕ್ಕಾಗಿ ಒಂದಿಷ್ಟು ಹೆಚ್ಚು ಬಾಡಿಗೆ ಕೊಟ್ಟರೂ ದುಬಾರಿಯಲ್ಲ.

ಸಾಲು ಬೆಳೆಯ ಕಳೆ ತೆಗೆಯುವ ಸೈಕಲ್ ಕುಂಟೆ, ಒಕ್ಕಣೆಗೆ ಹಾಸುವ ಟಾರ್ಪಾಲು ಇವೂ ಈ ಗುಂಪಿಗೇ ಸೇರುತ್ತವೆ. ಚನ್ನರಾಯಪಟ್ಟಣ ತಾಲ್ಲೂಕಿನ ರಸ್ತೆಗಳಲ್ಲಿ ಸುಗ್ಗಿಯ ಹೊತ್ತಿಗೆ ಓಡಾಡಿದವರಿಗೆ ಗೊತ್ತು, ರಾಗಿ ತೆನೆಯನ್ನೂ ಹುರುಳಿಯನ್ನೂ ಡಾಂಬರಿನ ಮೇಲೆ ಹರಡಿ ವಾಹನಗಳಿಂದ ತುಳಿಸುತ್ತಾರೆ. ಹುರುಳಿ ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು ಬೆಂಕಿ ಹತ್ತಿದ ಸುದ್ದಿಗಳನ್ನು, ಬೈಕು ಜಾರಿ ಬಿದ್ದವರ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ರೈತರನ್ನು ಬೈಯುವುದು ಸುಲಭ. ಕಣ ಮಾಡಿ, ಸಗಣಿ ಸಾರಿಸಿ, ರೋಣಗಲ್ಲು ಎಳೆಸಲು ಎತ್ತೂ ಇಲ್ಲ, ಆಳೂ ಇಲ್ಲ. ಒಕ್ಕಣೆ ಯಂತ್ರದ ಸರದಿ ಖಚಿತವಾಗಿದ್ದು, ಎರಡು ಟಾರ್ಪಾಲು ಮನೆಯಲ್ಲಿದ್ದರೆ ಯಾರು ತಾನೇ ರಸ್ತೆಗೆ ತೆನೆ ಹೊರುತ್ತಾರೆ?

ನನ್ನಲ್ಲಿ ಪಾಠ ಕೇಳಿದವರಲ್ಲಿ ಕೆಲವರು ಈಗ ನಿಮ್ಮ ನಿಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ನಿರ್ದೇಶಕರಾಗಿದ್ದೀರಿ. ಗೊಬ್ಬರ ಮಾರುವ ಗೋದಾಮು ನಿಮ್ಮಲ್ಲಿದೆ, ಸದಸ್ಯರ ಪಟ್ಟಿ ಇದೆ, ಯಾರ ಪಹಣಿಯಲ್ಲಿ ಎಷ್ಟು ಎಕರೆ ಎಂಬುದೂ ಸಾಲದ ಅರ್ಜಿಯಲ್ಲಿದೆ. ಒಂದು ಸಂಘ, ಇಪ್ಪತ್ತು ಸಿಂಪಡಣೆ ಯಂತ್ರ, ರಿಪೇರಿ ಬಲ್ಲ ಒಬ್ಬ ಹುಡುಗ, ಇಷ್ಟರಿಂದ ಆರಂಭಿಸಬಹುದು. ಯುಗಾದಿಯೊಳಗೆ ಹೆಸರು ಬರೆಸಿಕೊಳ್ಳಿ, ಆಲೂಗೆಡ್ಡೆ ಬಿತ್ತನೆಗೆ ಮುಂಚೆ ಕೊಡಿ, ಗೌರಿ ಹಬ್ಬ ಕಳೆದ ಮೇಲೆ ಹಿಂದಕ್ಕೆ ಪಡೆಯಿರಿ. ಮುರಿದದ್ದಕ್ಕೆ ಯಾರು ಹೊಣೆ ಎಂಬ ಜಗಳ ಬಾರದಂತೆ, ಸವೆತ ಸಂಘದ ಪಾಲು, ಒಡೆದದ್ದು ಪಡೆದವನ ಪಾಲು ಎಂದು ಮೊದಲೇ ಕಾಗದದಲ್ಲಿ ಬರೆದಿಡಿ. ಡೆನ್ವರಿನ ಅಂಗಡಿಯವನೂ ಸಹಿ ಹಾಕಿಸಿಕೊಂಡ ಮೇಲೆಯೇ ಬೂಟು ಕೊಟ್ಟದ್ದು.