ಹುದ್ದೆಗೊಂದು ಹೆಸರು

ಬಸವೇಶ್ವರನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಗೆಳೆಯರೊಡನೆ ಸಣ್ಣದೊಂದು ಟ್ರಸ್ಟ್ ನಡೆಸುತ್ತಿದ್ದಾನೆ. ಕೆಂಗೇರಿಯ ಕಡೆ ಕೂಲಿಕಾರರ ಮಕ್ಕಳಿಗೆ ಸಂಜೆಯ ಪಾಠ, ಒಂದಿಷ್ಟು ಪುಸ್ತಕ, ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ, ಇಷ್ಟೇ ಅದರ ಕೆಲಸ. ಇದುವರೆಗೆ ತಾವೇ ಸರದಿಯ ಮೇಲೆ ಹೋಗಿಬರುತ್ತಿದ್ದವರು ಈಗ ಸಂಬಳ ಕೊಟ್ಟು ಒಬ್ಬರನ್ನು ನೇಮಿಸಿಕೊಳ್ಳಲು ಹೊರಟಿದ್ದಾರೆ. ‘ಜಾಸ್ತಿ ಸಂಬಳ ಕೊಡೋಕ್ಕಾಗಲ್ಲ ಸಾರ್, ಅದಕ್ಕೇ ಡೈರೆಕ್ಟರ್ ಅನ್ನೋ ಪೋಸ್ಟ್ ಕೊಡೋಣ ಅಂತಿದ್ದೀವಿ. ನೀವೇನಂತೀರಿ?’ ಎಂದು ಕೇಳಿದ. ವಿಜಯನಗರ, ರಾಜಾಜಿನಗರಗಳಲ್ಲಿರುವ ನನ್ನ ಶಿಷ್ಯರಲ್ಲಿ ಇನ್ನೂ ಕೆಲವರು ಇಂತಹ ಕೆಲಸದಲ್ಲಿ ತೊಡಗಿರುವುದರಿಂದ, ಅವನಿಗೆ ಹೇಳಿದ್ದನ್ನು ಇಲ್ಲಿಯೂ ಬರೆದಿಡುತ್ತಿದ್ದೇನೆ.

ಸಂಬಳದ ಕೊರತೆಯನ್ನು ಹೆಸರಿನಿಂದ ತುಂಬಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ನಿರ್ದೇಶಕರೆಂದರೆ ಹಣ ಖರ್ಚು ಮಾಡಲು, ಜನರನ್ನು ನೇಮಿಸಲು, ಬೇಡವೆನಿಸಿದ ಕೆಲಸವನ್ನು ನಿಲ್ಲಿಸಲು ಅಧಿಕಾರವುಳ್ಳವರು. ಎರಡು ಚಾಪೆ ಕೊಳ್ಳುವುದಕ್ಕೂ ಧರ್ಮದರ್ಶಿಗಳನ್ನು ಕೇಳಬೇಕಾದವರಿಗೆ ಆ ಹೆಸರೇಕೆ? ನಾಲ್ಕು ವರ್ಷಗಳ ಬಳಿಕ ಆ ವ್ಯಕ್ತಿ ದೊಡ್ಡ ಸಂಸ್ಥೆಯೊಂದಕ್ಕೆ ಅರ್ಜಿ ಹಾಕಿದಾಗ, ‘ನಿಮ್ಮ ಕೈಕೆಳಗೆ ಎಷ್ಟು ಜನರಿದ್ದರು, ಎಷ್ಟು ಲಕ್ಷದ ಆಯವ್ಯಯ ನೋಡಿಕೊಂಡಿರಿ?’ ಎಂದರೆ ಏನು ಹೇಳಿಯಾರು? ಟ್ರಸ್ಟಿಗೂ ತೊಂದರೆಯೇ. ಕೆಲಸ ಬೆಳೆದು ನಿಜವಾದ ನಿರ್ದೇಶಕರು ಬೇಕಾದಾಗ ಇವರನ್ನು ಎಲ್ಲಿ ಕೂರಿಸುವುದು?

ಇದಕ್ಕೆ ವಿರುದ್ಧವಾದ ದೋಷವೊಂದಿದೆ. ನನಗೆ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಕೆಲಸ ದೊಡ್ಡದು, ಹೆಸರು ಚಿಕ್ಕದು. ಇದನ್ನು ಕಲಿಸಿದ್ದು ಸರ್ಕಾರವೇ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ ಅಂಗನವಾಡಿಗಳು ತೆರೆದವು. ಮಕ್ಕಳಿಗೆ ಕಲಿಸುವ, ತೂಕ ನೋಡುವ, ಆಹಾರ ಹಂಚುವ, ಲೆಕ್ಕ ಬರೆಯುವ ಹೆಣ್ಣುಮಗಳನ್ನು ಶಿಕ್ಷಕಿ ಎನ್ನಲಿಲ್ಲ, ನೌಕರಳೆಂದೂ ಎನ್ನಲಿಲ್ಲ, ಕಾರ್ಯಕರ್ತೆ ಎಂದರು. ಕೊಡುವುದು ಸಂಬಳವಲ್ಲ, ಗೌರವಧನ. 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಡನೆ ಬಂದ ಆಶಾ ಕಾರ್ಯಕರ್ತೆಯರದೂ ಅದೇ ಅಚ್ಚು. ಕರ್ನಾಟಕದ ಅಂಗನವಾಡಿ ಕಾರ್ಯಕರ್ತೆಯರ ಪ್ರಕರಣದಲ್ಲಿಯೇ, 2006ರಲ್ಲಿ, ಅವರದು ಸರ್ಕಾರಿ ಸೇವೆಯ ಹುದ್ದೆಯಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಗೌರವಧನವೂ ವೇತನವೇ, ಅವರು ಗ್ರಾಚ್ಯುಟಿಗೆ ಅರ್ಹರು ಎಂದು ಅದೇ ನ್ಯಾಯಾಲಯ ಗುಜರಾತಿನ ಪ್ರಕರಣವೊಂದರಲ್ಲಿ ಹೇಳಿದ್ದು 2022ರಲ್ಲಿ. ಅಷ್ಟರಲ್ಲಿ ಯೋಜನೆಗೆ 46 ವರ್ಷ ತುಂಬಿತ್ತು!

ನಾವು ಮೇಷ್ಟ್ರುಗಳೂ ಇದರಿಂದ ಪಾರಾದವರಲ್ಲ. ಗ್ರಾಚ್ಯುಟಿ ಕಾಯಿದೆಯಲ್ಲಿದ್ದ ‘ನೌಕರ’ ಎಂಬ ಪದದ ವ್ಯಾಖ್ಯೆಯೊಳಗೆ ಉಪಾಧ್ಯಾಯರು ಬರುವುದಿಲ್ಲವೆಂದು 2004ರಲ್ಲಿ ತೀರ್ಪಾಯಿತು. 2009ರಲ್ಲಿ ಸಂಸತ್ತು ಆ ವ್ಯಾಖ್ಯೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯವಾಗಿ ಜಾರಿಗೆ ತರಬೇಕಾಯಿತು. ಆದುದರಿಂದ, ದಿನವಿಡೀ ದುಡಿಯುವವರನ್ನು ‘ಸ್ವಯಂಸೇವಕ’ರೆಂದು ಕರೆದು ಕೈಗೊಂದಿಷ್ಟು ಕೊಡುವ ಪದ್ಧತಿ ಯಾವ ಟ್ರಸ್ಟಿನಲ್ಲಿದ್ದರೂ ನನಗೆ ಒಪ್ಪಿಗೆಯಿಲ್ಲ.

ಹೆಸರನ್ನು ಕೊನೆಯಲ್ಲಿ ಇಡಿ. ಮೊದಲು ಒಂದು ಹಾಳೆಯಲ್ಲಿ, ಯಾರನ್ನೂ ಕೇಳದೆ ಆ ವ್ಯಕ್ತಿ ಎಷ್ಟು ರೂಪಾಯಿ ಖರ್ಚು ಮಾಡಬಹುದು, ಯಾವ ಕಾಗದಕ್ಕೆ ರುಜು ಹಾಕಬಹುದು, ಪಾಠ ಹೇಳುವವರು ಬಾರದಿದ್ದರೆ ಬೇರೆಯವರನ್ನು ಗೊತ್ತುಮಾಡುವ ಸ್ವಾತಂತ್ರ್ಯ ಇದೆಯೇ, ಯಾರಿಗೆ ಉತ್ತರ ಹೇಳಬೇಕು ಎಂಬುದನ್ನೆಲ್ಲ ಬರೆಯಿರಿ. ನನ್ನ ಶಿಷ್ಯ ಬರೆದು ತಂದ ಹಾಳೆಯನ್ನು ನೋಡಿದರೆ ‘ಕೇಂದ್ರ ಸಂಯೋಜಕ’ ಎಂಬುದು ಸರಿಯಾಗಿ ಹೊಂದುತ್ತದೆ. ಎರಡನೆಯ ಕೇಂದ್ರ ತೆರೆದು ಎರಡರ ಹೊಣೆಯನ್ನೂ ಒಪ್ಪಿಸಿದ ದಿನ ಹೆಸರನ್ನೂ ಸಂಬಳವನ್ನೂ ಒಟ್ಟಿಗೆ ಏರಿಸಲಿ.

‘ಡೈರೆಕ್ಟರ್ ಅಂತ ಕಾರ್ಡ್ ಇದ್ದರೇನೇ ಆಫೀಸುಗಳಲ್ಲಿ ಕುರ್ಚಿ ಕೊಡೋದು ಸಾರ್’ ಎಂದು ಅವನ ಆಕ್ಷೇಪ. ಇದರಲ್ಲಿ ಸತ್ಯವಿಲ್ಲವೆನ್ನಲಾರೆ. ನಮ್ಮ ಕಚೇರಿಗಳ ಕಣ್ಣು ಬೀಳುವುದು ಮೊದಲು ಪದವಿಯ ಮೇಲೆ. ಆದರೆ ಅದಕ್ಕೆ ಅಧ್ಯಕ್ಷರು ಮೊದಲ ಸಲ ಜೊತೆಗೆ ಹೋಗಿ ಪರಿಚಯಿಸಲಿ, ಟ್ರಸ್ಟಿನ ಪರವಾಗಿ ಮಾತನಾಡಲು ಅಧಿಕಾರಪತ್ರವೊಂದನ್ನು ಬರೆದುಕೊಡಲಿ.

ಸಂಬಳವೆಷ್ಟೆಂಬುದನ್ನು ಜಾಹೀರಾತಿನಲ್ಲಿಯೇ ಅಂಕಿಯಲ್ಲಿ ಹಾಕಲು ಹೇಳಿದ್ದೇನೆ. ಆ ಜಾಗದಲ್ಲಿ ‘ಸೇವಾಮನೋಭಾವವುಳ್ಳವರಿಗೆ ಆದ್ಯತೆ’ ಎಂದು ಬರೆದು ಕೈತೊಳೆದುಕೊಳ್ಳುವುದು ಬೇಡ.