ಯೋಜನೆಗೆ ಉತ್ತರವಾದಿಗಳು ಯಾರು?

ನಗರಗಳ ಭವಿಷ್ಯವನ್ನು ಕುರಿತ ದಸ್ತಾವೇಜುಗಳಿಗೆ ನಮ್ಮ ದೇಶದಲ್ಲಿ ಬರವಿಲ್ಲ. ಅಭಿವೃದ್ಧಿ ಯೋಜನೆ, ಮುನ್ನೋಟ ಪತ್ರ, ಸ್ಮಾರ್ಟ್ ಸಿಟಿ ಪ್ರಸ್ತಾವ ಎಂದು ಬಗೆಬಗೆಯ ಹೆಸರಿನಲ್ಲಿ ಅವು ಹೊರಬರುತ್ತಲೇ ಇವೆ. ಅವುಗಳ ಜೊತೆಗೆ ‘ಕಾರ್ಯತಂತ್ರದ ಯೋಜನೆ’ ಎಂಬ ಮಾತೂ ಬಳಕೆಗೆ ಬಂದಿದೆ. ತಂತ್ರವೆಂದರೆ ಇಷ್ಟಾರ್ಥಗಳ ಪಟ್ಟಿಯಲ್ಲ. ಇರುವ ಹಣ, ನೆಲ, ನೀರುಗಳಲ್ಲಿ ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದನ್ನು ಕೈಬಿಡಬೇಕು, ಕೆಲಸ ಕೆಟ್ಟರೆ ಉತ್ತರ ಹೇಳಬೇಕಾದವರು ಯಾರು ಎಂಬ ನಿರ್ಧಾರಗಳೇ ತಂತ್ರ. ಇವುಗಳಲ್ಲಿ ಕೊನೆಯ ಪ್ರಶ್ನೆಯ ಎದುರಿನ ಜಾಗವನ್ನು ನಾವು ಸಾಮಾನ್ಯವಾಗಿ ಖಾಲಿ ಬಿಡುತ್ತೇವೆ.

ಅದರ ಬೆಲೆಯನ್ನು ನಾವು ವಾಸಿಸುವ ನಾಗಪುರ ತೆತ್ತಿದೆ. 2023ರ ಸೆಪ್ಟೆಂಬರ್ 23ರಂದು ಬೆಳಗಾಗುವ ಮುನ್ನ ಕೆಲವೇ ತಾಸುಗಳಲ್ಲಿ ನೂರು ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯಿತು. ಊರಿಗೆ ನೀರುಣಿಸಲೆಂದು 1870ರಲ್ಲಿ ಕಟ್ಟಿದ ಅಂಬಾಝರಿ ಕೆರೆ ಕೋಡಿ ಹರಿಯಿತು. ನಾಗ ನದಿ ದಡ ಮೀರಿತು. ಅಂಬಾಝರಿ ಲೇಔಟ್, ಕಾರ್ಪೊರೇಷನ್ ಕಾಲನಿಗಳ ಮನೆಗಳಿಗೆ ನೀರು ನುಗ್ಗಿತು, ಮೋರ್ ಭವನದ ಬಸ್ ನಿಲ್ದಾಣ ಮುಳುಗಿತು, ಪ್ರಾಣಹಾನಿಯೂ ಆಯಿತು. ಕೆರೆಯ ಏರಿ ಒಡೆದಿರಲಿಲ್ಲ. ನೀರು ಎಂದಿನಂತೆ ತಗ್ಗಿನ ದಾರಿ ಹಿಡಿದಿತ್ತು. ಆ ದಾರಿಯಲ್ಲಿ ಈಗ ಊರು ಬೆಳೆದಿತ್ತು.

ಸಂತ್ರಸ್ತರು ಉಚ್ಚ ನ್ಯಾಯಾಲಯದ ನಾಗಪುರ ಪೀಠದ ಮೊರೆಹೊಕ್ಕಾಗ ಉತ್ತರ ಕೊಡಬೇಕಾಗಿ ಬಂದ ಸಂಸ್ಥೆ ಒಂದೇ ಆಗಿರಲಿಲ್ಲ. ಮಹಾನಗರಪಾಲಿಕೆ, ನೀರಾವರಿ ಇಲಾಖೆ, ಮೆಟ್ರೋ ನಿಗಮ, ಸುಧಾರ ಪ್ರನ್ಯಾಸ, ಎಲ್ಲಕ್ಕೂ ಅದರಲ್ಲಿ ಪಾಲಿತ್ತು. 1936ರ ಕಾಯಿದೆಯಿಂದ ಹುಟ್ಟಿದ ಪ್ರನ್ಯಾಸವನ್ನು ವಿಸರ್ಜಿಸಬೇಕೆಂಬ ತೀರ್ಮಾನ 2019ರಲ್ಲಿ ಆಗಿದ್ದರೂ ಅದು ಉಳಿದುಕೊಂಡಿತು. ಅಷ್ಟರಲ್ಲಿ ಸುತ್ತಲಿನ ಪ್ರದೇಶಕ್ಕೆಂದು ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಬೇರೆ ಬಂದಿತ್ತು. ತಪ್ಪು ಯಾರದೆಂದು ನಿರ್ಣಯಿಸುವುದು ನಮ್ಮ ಕೆಲಸವಲ್ಲ. ಆದರೆ ಒಂದೇ ಹೊಳೆಯ ಮೇಲೆ ಇಷ್ಟು ಕೈಗಳಿರುವಾಗ, ಪ್ರತಿಯೊಂದು ಕೈಯೂ ತನ್ನ ಪಾಲಿನ ಕೆಲಸವನ್ನು ನಿಯಮದಂತೆ ಮಾಡಿಯೂ ಹೊಳೆ ಅನಾಥವಾಗಬಹುದು.

ಈ ಸಂದರ್ಭದಲ್ಲಿ ಕನ್ನಡಿಗರು ನೆನೆಯಬೇಕಾದ ನಿದರ್ಶನವೊಂದಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಮಹಾಪೂರ ಹೈದರಾಬಾದನ್ನು ಧ್ವಂಸಗೊಳಿಸಿತು. ನಿಜಾಮ ಸರ್ಕಾರ ಮರುವರ್ಷ ಎಂ. ವಿಶ್ವೇಶ್ವರಯ್ಯನವರ ಸಲಹೆ ಕೇಳಿತು. ಅವರು ನಗರದೊಳಗಿನ ದಡಗಳನ್ನಷ್ಟೇ ನೋಡಲಿಲ್ಲ. ಮೇಲ್ಭಾಗದಲ್ಲಿ ಜಲಾಶಯಗಳು, ಊರೊಳಗೆ ಒಳಚರಂಡಿ, ನದಿತೀರದ ಸುಧಾರಣೆ, ಇವೆಲ್ಲವನ್ನೂ ಒಂದೇ ಸಮಸ್ಯೆಯ ಅಂಗಗಳೆಂದು ಕಂಡರು. 1909ರಲ್ಲೇ ಅವರು ಮುಖ್ಯ ಇಂಜಿನಿಯರಾಗಿ ಮೈಸೂರಿಗೆ ತೆರಳಿದರು. ಆದರೂ 1912ರಲ್ಲಿ ನಗರ ಸುಧಾರಣಾ ಮಂಡಲಿ ಸ್ಥಾಪನೆಯಾಯಿತು. 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಪೂರ್ಣಗೊಂಡವು. ಯೋಜಕರು ಊರು ಬಿಟ್ಟ ಮೇಲೂ ಯೋಜನೆ ಹದಿನೆಂಟು ವರ್ಷ ನಡೆಯಿತು.

ಅಲ್ಲಿ ನಿರಂತರತೆಯನ್ನು ಕಾಯಲು ಅರಸೊತ್ತಿಗೆ ಇತ್ತು. ನಮಗೆ ಅರಸರು ಬೇಡ. ಆ ಕೆಲಸವನ್ನು ಮಾಡಬೇಕಾದದ್ದು ಚುನಾಯಿತ ಸಭೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ, ಹತ್ತು ಲಕ್ಷ ಮೀರಿದ ಮಹಾನಗರ ಪ್ರದೇಶಗಳಿಗೆ ಯೋಜನಾ ಸಮಿತಿ ಇರಬೇಕೆಂದೂ ಅದರ ಮೂರನೆಯ ಎರಡು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರನ್ನು ಸ್ಥಳೀಯ ಜನಪ್ರತಿನಿಧಿಗಳೇ ತಮ್ಮೊಳಗಿನಿಂದ ಆರಿಸಬೇಕೆಂದೂ ವಿಧಿಸಿತು. ನಡೆದದ್ದೇನು? ನಾಗಪುರದ ಪಾಲಿಕೆ 2022ರ ಮಾರ್ಚಿಯಿಂದ ಸುಮಾರು ನಾಲ್ಕು ವರ್ಷ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಆ ಪ್ರವಾಹ ಬಂದದ್ದೂ ಆ ಅವಧಿಯಲ್ಲೇ. ನಮ್ಮ ಬೆಂಗಳೂರಿನ ಮಹಾನಗರಪಾಲಿಕೆ 2020ರ ಸೆಪ್ಟೆಂಬರಿನಿಂದ, 2025ರಲ್ಲಿ ಐದು ಪಾಲಿಕೆಗಳಾಗಿ ಒಡೆಯುವವರೆಗೂ, ಚುನಾಯಿತ ಸದಸ್ಯರಿಲ್ಲದೆ ನಡೆಯಿತು. 2031ಕ್ಕೆಂದು ಸಿದ್ಧಪಡಿಸಿದ ಅಲ್ಲಿನ ಮಹಾಯೋಜನೆಯ ಕರಡನ್ನು ಸರ್ಕಾರ 2020ರಲ್ಲಿ ಹಿಂತೆಗೆದುಕೊಂಡಿತು. ಅಧಿಕಾರಿಗಳು ಅಸಮರ್ಥರೆಂದು ನಾವು ಹೇಳುತ್ತಿಲ್ಲ. ಯೋಜನೆಯ ಕಾಲಾವಧಿ ಇಪ್ಪತ್ತು ವರ್ಷ. ಅಧಿಕಾರಿಗೆ ಎರಡು ಮೂರು ವರ್ಷಗಳಲ್ಲಿ ವರ್ಗವಾಗುತ್ತದೆ. ಕಡತ ಕೈಬದಲಾಗುತ್ತದೆ, ಹೊಣೆ ಕೈಬದಲಾಗುವುದಿಲ್ಲ. ಅದು ನಡುವೆ ಎಲ್ಲೋ ಬಿದ್ದುಹೋಗುತ್ತದೆ.

ಹೊರನಾಡಿನ ಕನ್ನಡ ಪತ್ರಿಕೆಗೆ ಈ ಚಿಂತೆ ಏಕೆಂದು ಓದುಗರು ಕೇಳಬಹುದು. ನಮ್ಮಲ್ಲಿ ಅನೇಕರು ಉದ್ಯೋಗನಿಮಿತ್ತ ಇಲ್ಲಿಗೆ ಬಂದು, ಮನೆ ಕಟ್ಟಿ, ಮಕ್ಕಳನ್ನು ಓದಿಸಿ, ಇಲ್ಲಿಯವರೇ ಆಗಿದ್ದೇವೆ. ಆದರೂ ಊರಿನ ವಿಚಾರ ಬಂದಾಗ ನಮ್ಮ ಚರ್ಚೆ ಬೆಂಗಳೂರು, ಧಾರವಾಡಗಳ ಸುತ್ತಲೇ ತಿರುಗುತ್ತದೆ. ಮಹಾರಾಷ್ಟ್ರದ 1966ರ ಪ್ರಾದೇಶಿಕ ಹಾಗೂ ನಗರ ಯೋಜನಾ ಕಾಯಿದೆಯ ಪ್ರಕಾರ ಅಭಿವೃದ್ಧಿ ಯೋಜನೆಯ ಕರಡು ಪ್ರಕಟವಾದಾಗ ಯಾವ ನಾಗರಿಕನೂ ಆಕ್ಷೇಪಣೆ, ಸಲಹೆಗಳನ್ನು ಲಿಖಿತವಾಗಿ ಸಲ್ಲಿಸಬಹುದು. ಮಾತೃಭಾಷೆ ಯಾವುದೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಮರಾಠಿ ಪ್ರಕಟಣೆಯನ್ನು ಓದಬಲ್ಲವರೂ ನಕ್ಷೆಯಲ್ಲಿ ನಾಲೆಯನ್ನು ಗುರುತಿಸಬಲ್ಲ ಇಂಜಿನಿಯರರೂ ಲೆಕ್ಕಪತ್ರ ಬಲ್ಲ ನಿವೃತ್ತರೂ ನಮ್ಮ ನಡುವೆ ಧಾರಾಳವಾಗಿದ್ದಾರೆ. ಸಂಘದ ಸಭಾಂಗಣದಲ್ಲಿ ಹಬ್ಬದ ಊಟದಷ್ಟೇ ಸಹಜವಾಗಿ ಒಂದು ಸಂಜೆ ವಾರ್ಡಿನ ನಕ್ಷೆಯನ್ನೂ ಹರಡಿಕೊಂಡು ಕೂರಬಾರದೇಕೆ?

ಇದೇ ಮಾತು ನಮ್ಮ ಸಂಘಗಳಿಗೂ ಸಲ್ಲುತ್ತದೆ. ಕಾರ್ಯದರ್ಶಿ ಬದಲಾದೊಡನೆ ಗ್ರಂಥಾಲಯ ಮುಚ್ಚುವ, ಕನ್ನಡ ತರಗತಿ ನಿಲ್ಲುವ ಸಂಸ್ಥೆ, ನಗರಕ್ಕೆ ಉಪದೇಶ ಹೇಳುವ ಮುನ್ನ ತನ್ನ ಐದು ವರ್ಷದ ಕೆಲಸವನ್ನೂ ಅದಕ್ಕೆ ಹೊಣೆಯಾದವರ ಹೆಸರನ್ನೂ ಬರೆದಿಡಬೇಕು. ವಾರ್ಷಿಕ ಸಭೆಯಲ್ಲಿ ಅದನ್ನು ಓದಿ ಲೆಕ್ಕ ಕೇಳುವ ಸದಸ್ಯರು, ನಾಳೆ ಪಾಲಿಕೆಯ ಮುಂದೆಯೂ ಲೆಕ್ಕ ಕೇಳಬಲ್ಲರು.